ನಮ್ಮ ಬಾಲ್ಕನಿಯಿಂದ ಕೆರೆಗೆ 26 ಮೀಟರ್

ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ಕೆರೆ ಕಾಣುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದರೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ಕೂತಿರುತ್ತವೆ. ಸಂಜೆ ಸೊಳ್ಳೆ, ಅದು ಬೇರೆ ವಿಷಯ. ಎರಡು ವರ್ಷದ ಹಿಂದೆ ಈ ಫ್ಲ್ಯಾಟ್ ನೋಡೋಕೆ ಬಂದಾಗ ಬ್ರೋಕರ್ ನಮ್ಮಿಬ್ಬರನ್ನು ಅಡುಗೆಮನೆಗೂ ಕರೆದುಕೊಂಡು ಹೋಗಲಿಲ್ಲ, ಬೆಡ್‌ರೂಮಿಗೂ ಕರೆದುಕೊಂಡು ಹೋಗಲಿಲ್ಲ. ಸೀದಾ ಬಾಲ್ಕನಿಗೆ ಕರೆತಂದು ಬಾಗಿಲು ತೆಗೆದ. ಅಲ್ಲಿಗೆ ವ್ಯಾಪಾರ ಮುಗಿಯಿತು. ಹಳೆಯ ಮಾಲೀಕರು ಯಾಕೆ ಮಾರುತ್ತಿದ್ದಾರೆ ಅಂತ ಕೇಳಬೇಕು ಅನ್ನೋದು ಆಗ ತಲೆಗೇ ಬರಲಿಲ್ಲ. ಈಗ 20 ವರ್ಷದ ಸಾಲ, ಅದರಲ್ಲಿ 18 ಬಾಕಿ.

ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಕಥೆ ಅಷ್ಟೇ. ಬೆಂಗಳೂರಿನ ಆಗ್ನೇಯ ಭಾಗದಲ್ಲಿದೆ, ಹೆಚ್ಚುಕಡಿಮೆ 40 ಎಕರೆ, ಸುತ್ತ ತಂತಿ ಬೇಲಿ, ಓಡಾಡಲು ದಾರಿ ಇನ್ನೂ ಮಾಡಿಲ್ಲ. ಇಷ್ಟು ಸಾಕು.

ದಾರಿ ಇಲ್ಲದ್ದಕ್ಕೇ ನಾನು ಭಾನುವಾರದ ವಾಕಿಂಗಿಗೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗುತ್ತೇನೆ. ಈ ಕಡೆ ಕೆಲಸ ಮಾಡುವವರಿಗೆ ಈ ಕೆರೆ ಗೊತ್ತೇ ಇರುತ್ತದೆ. 48 ಎಕರೆ. ಸುತ್ತ ಮಣ್ಣಿನ ದಾರಿ, ಮರಗಳು, ನೀರಿನಲ್ಲಿ ನಾಮದ ಕೋಳಿಗಳು, ಅದೃಷ್ಟವಿದ್ದರೆ ಹೆಜ್ಜಾರ್ಲೆಗಳು. ಇದನ್ನು ನೋಡಿದವರಿಗೆ ಇದು 2008ರ ಸುಮಾರಿಗೆ ಒಣಗಿ, ಕೊಳಚೆ ಸೇರಿ, ಕೆರೆ ಅನ್ನಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ ಅಂದರೆ ನಂಬಿಕೆ ಬರಲ್ಲ. ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು, ಹಳ್ಳಿಯವರು, ಪರಿಸರ ವಿಜ್ಞಾನ ಬಲ್ಲವರು ಸೇರಿ ಬಿಬಿಎಂಪಿ ಎಂಜಿನಿಯರುಗಳ ಬೆನ್ನು ಹತ್ತಿದರು. ಹೂಳು ತೆಗೆದರು, ಕೊಳಚೆಯನ್ನು ಬೇರೆ ಕಡೆ ತಿರುಗಿಸಿದರು, ಮಳೆ ಬಂತು, ಕೆರೆ ತುಂಬಿತು. ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಅಂತ ಒಂದು ಸಂಸ್ಥೆಯೇ ಹುಟ್ಟಿಕೊಂಡಿತು. ಹಾಗಂತ ಒಮ್ಮೆ ಸರಿಮಾಡಿ ಬಿಟ್ಟರೆ ಆಯಿತು ಅನ್ನುವ ಹಾಗಿಲ್ಲ. 2016ರಲ್ಲಿ ಇದೇ ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ್ದವು. ಇಲ್ಲಿಂದ ಹೊರಟ ನೀರು ಸೌಳ್ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಇಡೀ ದೇಶ ಟಿವಿಯಲ್ಲಿ ನೋಡಿದೆ.

ಆಗಸ್ಟ್ 24ರ ಭಾನುವಾರ ಅಲ್ಲಿ ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತು ಒಂದು ಹಾಳೆ ಹಂಚುತ್ತಿದ್ದರು. ಮಳೆಗಾಲದ ಅಧಿವೇಶನ ಆಗಷ್ಟೇ ಮುಗಿದಿತ್ತು. "ನೋಡಿ ಸಾರ್, ಕೆರೆ ಬಫರ್ ಕಡಿಮೆ ಮಾಡೋ ಮಸೂದೆ ಪಾಸಾಗಿದೆ. ರಾಜ್ಯಪಾಲರ ಸಹಿ ಒಂದು ಬಾಕಿ. ನಾವು ಪತ್ರ ಬರೀತಾ ಇದ್ದೀವಿ, ನೀವೂ ಬರೀರಿ" ಅಂದರು. ನಾನು ಹಾಳೆ ಇಸಿದುಕೊಂಡೆ. ಎಳನೀರು ಕುಡಿಯುವಾಗ ಓದಿದೆ. ನಮ್ಮ ಕೆರೆಯೂ ಇದರಲ್ಲಿ ಬರುತ್ತದಲ್ಲ ಅನ್ನಿಸಿತು. ಬಫರ್ ಕಡಿಮೆ ಆದರೆ ಕೆರೆ ಹಾಳು, ಖಂಡಿತ ಬರೆಯಬೇಕು ಅಂದುಕೊಂಡೆ. ಆ ಕ್ಷಣದಲ್ಲಿ ಅದು ಬಹಳ ಸುಲಭದ ನಿರ್ಧಾರ.

ಮನೆಗೆ ಬಂದು ಮಸೂದೆಯ ಪಿಡಿಎಫ್ ತೆಗೆದೆ. ನೀವು ಯಾವತ್ತಾದರೂ ತಿದ್ದುಪಡಿ ಮಸೂದೆ ಓದಿದ್ದೀರಾ? ನಾನು ಅದೇ ಮೊದಲು. ಕಾನೂನು ಓದೋದು ಕಷ್ಟ ಅಂದುಕೊಂಡಿದ್ದೆ. ಆದರೆ ಸಾಫ್ಟ್‌ವೇರಿನವರಿಗೆ ಇದು ತೀರಾ ಹೊಸದಲ್ಲ. ಇಂಥ ಪ್ರಕರಣದಲ್ಲಿ ಇಂಥ ಪದಗಳ ಬದಲು ಇಂಥ ಪದಗಳನ್ನು ಸೇರಿಸತಕ್ಕದ್ದು ಅಂತ ಇರುತ್ತದೆ. ಅಂದರೆ ನಾವು ದಿನಾ ನೋಡುವ ಡಿಫ್. ಮೂಲ ಕಾಯ್ದೆಯನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಂಡರೆ ಯಾವ ಸಾಲು ಹೋಯಿತು, ಯಾವ ಸಾಲು ಬಂತು ಅಂತ ಕಾಣುತ್ತದೆ. ಕೊನೆಯಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಅಂತ ಒಂದು ಭಾಗ ಇರುತ್ತದೆ, ಅದು ಕಮಿಟ್ ಮೆಸೇಜ್. ನಮ್ಮ ಆಫೀಸಿನ ಕಮಿಟ್ ಮೆಸೇಜುಗಳಷ್ಟೇ ನಂಬಬಹುದು.

ಮೂಲ ಕಾಯ್ದೆ 2014ರದ್ದು. ಅದು ಆಕಾಶದಿಂದ ಬಿದ್ದದ್ದಲ್ಲ. ಬೆಂಗಳೂರಿನ ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ 2008ರಲ್ಲಿ ನಾಗರಿಕ ಸಂಸ್ಥೆಯೊಂದು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತ್ತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು, ವರದಿ ಬಂತು, ಕೋರ್ಟಿನ ಆದೇಶಗಳು ಬಂದವು. ಅಲ್ಲಿಯವರೆಗೆ ಕೆರೆ ಅಭಿವೃದ್ಧಿ ಪ್ರಾಧಿಕಾರ ಅಂತ ಇದ್ದದ್ದು ಬರೀ ನೋಂದಾಯಿತ ಸೊಸೈಟಿ, ಅದಕ್ಕೆ ಕಾನೂನಿನ ಹಲ್ಲು ಇರಲಿಲ್ಲ. 2014ರಲ್ಲಿ ಕಾಯ್ದೆ ಬಂದಾಗ ಹಲ್ಲು ಬಂತು. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ ಅನ್ನುವ ಮಾತು ಅದರಲ್ಲಿದೆ.

ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಕೆರೆ ಅಂದರೇನು ಅನ್ನುವ ವಿವರಣೆ. ನೀರು ಇರಲಿ ಬಿಡಲಿ, ಕಂದಾಯ ದಾಖಲೆಯಲ್ಲಿ ಕೆರೆ, ಕುಂಟೆ, ಕಟ್ಟೆ ಅಂತ ಯಾವ ಹೆಸರಲ್ಲಿ ಇದ್ದರೂ ಅದು ಕೆರೆಯೇ. ಅದರ ರಾಜಕಾಲುವೆ, ಏರಿ, ತೂಬು, ಕೋಡಿ ಎಲ್ಲವೂ ಸೇರಿಯೇ ಕೆರೆ. ಒಣಗಿದ ಮೇಲೆ ಅದು ಕೆರೆಯಲ್ಲ, ಸೈಟು ಅಂತ ಹೇಳುವವರಿಗೆ ಯಾರೋ ಮುಂಚೆಯೇ ಉತ್ತರ ಬರೆದಿಟ್ಟಿದ್ದಾರೆ.

ಈಗಿನ ಮಸೂದೆ ಆ 30 ಮೀಟರನ್ನು ಕೆರೆಯ ಅಳತೆಗೆ ತಕ್ಕಂತೆ ಒಡೆಯುತ್ತದೆ. 100 ಎಕರೆಗಿಂತ ದೊಡ್ಡ ಕೆರೆಗೆ 30 ಮೀಟರ್ ಹಾಗೇ ಉಳಿಯುತ್ತದೆ. 25ರಿಂದ 100 ಎಕರೆಗೆ 24, 10ರಿಂದ 25 ಎಕರೆಗೆ 12, ಒಂದರಿಂದ 10 ಎಕರೆಗೆ 6. ಎಕರೆಗಿಂತ ಚಿಕ್ಕದಕ್ಕೆ 3 ಮೀಟರ್, ತೀರಾ ಪುಟ್ಟದ್ದಕ್ಕೆ ಏನೂ ಇಲ್ಲ. ಜೊತೆಗೆ ರಸ್ತೆ, ಸೇತುವೆ, ವಿದ್ಯುತ್ ಮಾರ್ಗ, ಒಳಚರಂಡಿ ಕೊಳವೆ, ಪಂಪ್‌ಹೌಸ್ ಮುಂತಾದ ಸಾರ್ವಜನಿಕ ಕೆಲಸಗಳಿಗೆ ಬಫರ್‌ನಲ್ಲಿ ಅವಕಾಶ. ಚಿಕ್ಕ ಕುಂಟೆಗೂ ದೊಡ್ಡ ಕೆರೆಗೂ ಒಂದೇ ಅಳತೆ ಇಡೋದು ಸರಿಯಲ್ಲ, ಅದರಿಂದ ಸಾರ್ವಜನಿಕ ಕೆಲಸಗಳಿಗೆ ತೊಡಕು ಅನ್ನೋದು ಸರ್ಕಾರದ ವಾದ. ಮೊದಲ ಓದಿಗೆ ನನಗೂ ಅದರಲ್ಲಿ ಅರ್ಥವಿದೆ ಅನ್ನಿಸಿತು, ಸುಳ್ಳು ಹೇಳಲ್ಲ.

ಆಮೇಲೆ ಬಾಲ್ಕನಿಗೆ ಹೋಗಿ ನಿಂತೆ. ಕೆರೆ ತೀರಾ ಹತ್ತಿರ ಕಾಣಿಸಿತು.

ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ 30 ಮೀಟರ್ ಟೇಪ್ ತಂದು ನಮ್ಮ ಬ್ಲಾಕಿನ ಗೋಡೆಯಿಂದ ಕೆರೆಯ ಬೇಲಿವರೆಗೆ ಹಿಡಿದೆ. ಇನ್ನೊಂದು ತುದಿ ಹಿಡಿದದ್ದು ಹೆಂಡತಿ. ಕಾಂಪೌಂಡಿನ ಗೇಟು ಅಡ್ಡ ಬಂತು, ಎರಡು ಸಲ ಅಳೆದೆವು. 26 ಮೀಟರ್.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಕೆರೆ 40 ಎಕರೆ. ಈಗಿರುವ ಕಾನೂನಿನ 30 ಮೀಟರ್ ಲೆಕ್ಕದಲ್ಲಿ ನಮ್ಮ ಮನೆ ಬಫರ್ ಒಳಗೆ. ಹೊಸ ಮಸೂದೆಯ 24ರ ಲೆಕ್ಕದಲ್ಲಿ ಆಚೆಗೆ, ಎರಡು ಮೀಟರ್ ಆಚೆಗೆ.

"ಅಂದ್ರೆ ಈ ಮಸೂದೆ ಬಂದ್ರೆ ನಮಗೆ ಒಳ್ಳೇದು" ಅಂದಳು.

ಹೌದು. ಬ್ಯಾಂಕಿನವರು ಲೀಗಲ್ ಒಪಿನಿಯನ್ ತೆಗೆದುಕೊಂಡೇ ಸಾಲ ಕೊಟ್ಟಿದ್ದರು, ಹಾಗಾಗಿ ಎಲ್ಲ ಸರಿ ಇರಬೇಕು ಅಂತ ನಂಬಿದ್ದೆವು. ಅಳೆದು ನೋಡಿ ಅಂತ ಯಾರೂ ಹೇಳಿರಲಿಲ್ಲ, ನಮಗೂ ತೋಚಿರಲಿಲ್ಲ. ಬೆಂಗಳೂರಿನಲ್ಲಿ ಬಫರ್ ಅನ್ನೋ ಪದ ಕೇಳಿದರೆ ಮನೆ ಮಾಲೀಕರಿಗೆ ಜ್ವರ ಬರೋದು ಹೊಸದೇನಲ್ಲ. 2016ರ ಮೇನಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳಿಗೆ 75 ಮೀಟರ್ ಅಂದಾಗ ನಮ್ಮಂಥ ಸಾವಿರಾರು ಜನರ ನಿದ್ದೆ ಹೋಗಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದಾಗ ನಿದ್ದೆ ವಾಪಸ್ ಬಂತು. ಆಗ ನಾನು ಬಾಡಿಗೆ ಮನೆಯಲ್ಲಿ ಇದ್ದೆ, ಪೇಪರಿನಲ್ಲಿ ಓದಿ ಪುಟ ತಿರುಗಿಸಿದ್ದೆ.

ಆ ಹಾಳೆಯನ್ನು ಫ್ರಿಜ್ ಮೇಲೆ ಇಟ್ಟೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರೋ ಮಸೂದೆಯ ಸುದ್ದಿ ಹಾಕಿದ್ದರು, ಕೆಳಗೆ ಹದಿನಾಲ್ಕು ಹೆಬ್ಬೆರಳು. ನಾನು ಹೆಬ್ಬೆರಳು ಒತ್ತಲಿಲ್ಲ. ಬೇಡ ಅಂತಲೂ ಬರೆಯಲಿಲ್ಲ.

ಗಣೇಶನ ಹಬ್ಬ ಮುಗಿದ ಮರುದಿನ ಅಪ್ಪ ಕಣ್ಣು ತೋರಿಸೋಕೆ ಬೆಂಗಳೂರಿಗೆ ಬಂದ. ನಮ್ಮದು ಶಿರಾ ಸೀಮೆ, ಮಳೆಯನ್ನು ನೆಂಟರಿಗಿಂತ ಹೆಚ್ಚು ಕಾಯುವ ಊರು. ಅಪ್ಪ ಬಾಲ್ಕನಿಗೆ ಬಂದವನು ಕೆರೆಯನ್ನು ಚೆನ್ನಾಗಿದೆ ಅನ್ನಲಿಲ್ಲ, ಫೋಟೋ ತೆಗಿ ಅನ್ನಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ಕೋಡಿ ಎಲ್ಲೈತೆ?" ಅಂತ ಕೇಳಿದ.

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ನೋಡುವ ಕೆರೆ. ತುಂಬಿದರೆ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನೋದು ಗೊತ್ತಿಲ್ಲ. ಅಪ್ಪನಿಗೆ ಇದು ನಂಬೋಕೆ ಆಗದ ವಿಷಯ. "ಕೋಡಿ ಗೊತ್ತಿಲ್ದೆ ಕೆರೆ ಪಕ್ಕ ಮನೆ ತಗಂಡ್ಯಾ?"

ಸರಿ, ಹುಡುಕೋಣ ಅಂತ ಸಂಜೆ ಹೊರಟೆವು. ಬೇಲಿಯ ಗುಂಟ ನಡೆದರೆ ಅರ್ಧ ದಾರಿಯಲ್ಲಿ ಕಟ್ಟಡದ ಕಲ್ಲುಮಣ್ಣು ಸುರಿದ ಗುಡ್ಡೆ, ಆಮೇಲೆ ಒಂದು ಶೆಡ್ಡು, ಆಮೇಲೆ ಹಸು ಕಟ್ಟಿದ ಜಾಗ. ಅಪ್ಪ ನೆಲದ ಇಳಿಜಾರು ನೋಡುತ್ತಾ ನಡೆದ. ಏರಿ ಯಾವುದು ಅಂತ ನನಗೆ ತೋರಿಸಿದ. ನಾನು ಅದನ್ನು ರಸ್ತೆ ಅಂದುಕೊಂಡಿದ್ದೆ, ಈಗ ಅದು ರಸ್ತೆಯೇ. ಏರಿ ಮುಗಿಯುವ ಮೂಲೆಯಲ್ಲಿ, ಮುಳ್ಳುಗಿಡಗಳ ಹಿಂದೆ, ಹಳೆಯ ಕಲ್ಲಿನ ಕಟ್ಟಡ ಸಿಕ್ಕಿತು. ಅಲ್ಲಿಂದ ಒಂದು ಸಿಮೆಂಟ್ ಮೋರಿ ಶುರುವಾಗಿ, ಮೂರಡಿ ಅಗಲದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಯನ್ನು ಸವರಿಕೊಂಡು, ಬೇಸ್‌ಮೆಂಟಿನ ಇಳಿಜಾರಿನ ಪಕ್ಕದಲ್ಲೇ ಹಾದುಹೋಗುತ್ತದೆ.

ನಮ್ಮ ಸೆಕ್ಯೂರಿಟಿಯವರು ಯಾದಗಿರಿ ಕಡೆಯವರು, ಏಳೆಂಟು ವರ್ಷದಿಂದ ಇದೇ ಗೇಟಿನಲ್ಲಿದ್ದಾರೆ. ಅಪ್ಪ ಅವರ ಜೊತೆ ಮಾತಿಗೆ ನಿಂತ. ಹತ್ತು ನಿಮಿಷದಲ್ಲಿ ನನಗೆ ಎರಡು ವರ್ಷದಲ್ಲಿ ಸಿಗದ ಮಾಹಿತಿ ಅವನಿಗೆ ಸಿಕ್ಕಿತು.

"ಆ ವರ್ಷ ಭಾಳ ಮಳಿ ಆತಲ್ರೀ, ಕೆಳಗ ಪೂರಾ ನೀರ್ ತುಂಬಿತ್ರಿ. ಎರಡ ದಿನ ಮೋಟಾರ್ ಹಚ್ಚಿ ತಗದ್ವಿ. ಆರೇಳ ಕಾರು ಹೋದ್ವು. ನಿಮ್ಮ ಮನಿಯವ್ರದೂ ಹೋತು. ಮುಂದ ಅವ್ರು ಮಾರಿಬಿಟ್ರು."

ಆ ವರ್ಷ ಅಂದರೆ 2022ರ ಸೆಪ್ಟೆಂಬರ್. ಹೊರವರ್ತುಲ ರಸ್ತೆ ಹೊಳೆಯಾಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನಿಮಗೂ ನೆನಪಿರಬಹುದು. ನಾನೂ ಒಂದು ದಿನ ಹಾಗೆ ಹೋಗಿ, ಸೆಲ್ಫಿ ಹಾಕಿ, ಇನ್ನೂರು ಲೈಕ್ ತಗೊಂಡಿದ್ದೆ. ಅದೇ ಹೊತ್ತಿಗೆ ನಾನು ಮುಂದೆ ಕೊಳ್ಳಲಿರುವ ಮನೆಯ ಕೆಳಗೆ ಯಾರದೋ ಕಾರು ಮುಳುಗಿತ್ತು.

ವಾಪಸ್ ಬರುವಾಗ ಅಪ್ಪನಿಗೆ 30, 26, 24ರ ಕಥೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಆ ತಂತಿಬೇಲಿನೇ ಕೆರೆ ಗಡಿ ಅಂತ ಯಾರು ಹೇಳಿದ್ದು? ಹದ್ದುಬಸ್ತು ಆಗೈತಾ?"

ಹದ್ದುಬಸ್ತು ಅಂದರೆ ಸರ್ವೆಯವರು ಬಂದು ಅಳೆದು ಗಡಿಕಲ್ಲು ಗುರುತಿಸೋದು. ಹೊಲ ಇರುವವರ ಮನೆಯಲ್ಲಿ ಹುಟ್ಟಿದವರಿಗೆ ಈ ಪದ ಗೊತ್ತಿರುತ್ತದೆ. ರಾತ್ರಿ ದಿಶಾಂಕ್ ಆ್ಯಪ್ ತೆಗೆದು ಬಾಲ್ಕನಿಯಲ್ಲಿ ನಿಂತೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರದ ಆ್ಯಪ್ ಅದು. ಕೆರೆಯ ಗೆರೆ ಬೇಲಿಗಿಂತ ನಮ್ಮ ಕಡೆಗೆ ಸ್ವಲ್ಪ ಸರಿದಂತೆ ಕಂಡಿತು. ಒಳಗೆ ಬಂದು ಮತ್ತೆ ನೋಡಿದರೆ ಆಚೆಗೆ ಹೋದಂತಿತ್ತು. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಡುವುದು ಸಹಜ. ಇಡೀ ಮಸೂದೆ ನಮ್ಮ ಕೆರೆಯಿಂದ ತೆಗೆಯಲು ಹೊರಟಿರುವುದು 6 ಮೀಟರ್, ನನ್ನ ಫೋನು ತಪ್ಪು ಹೇಳುವಷ್ಟು. ಅಷ್ಟಕ್ಕೆ ಯಾಕೆ ಇಷ್ಟು ತಲೆಬಿಸಿ ಅಂತ ಅವತ್ತು ರಾತ್ರಿ ನಿಜಕ್ಕೂ ಅನ್ನಿಸಿತು. ಪತ್ರ ಬರೆಯದೇ ಇರೋಕೆ ಒಂದು ಒಳ್ಳೆ ಕಾರಣ ಸಿಕ್ಕಿತ್ತು.

ಶನಿವಾರ ಅಪ್ಪನನ್ನು ಊರಿಗೆ ಬಿಡೋಕೆ ಹೊರಟೆ. ಟೇಪು ಕಾರಿನಲ್ಲೇ ಉಳಿದಿತ್ತು. ತುಮಕೂರು ದಾಟಿ ಹೆದ್ದಾರಿಯಲ್ಲಿ ಶಿರಾ ಕಡೆ ಹೋಗುವಾಗ ಎರಡೂ ಕಡೆ ಬಯಲು, ಶೇಂಗಾ, ಅಲ್ಲಲ್ಲಿ ತೆಂಗು. ಊರಿನ ದೊಡ್ಡ ಕೆರೆ ತುಂಬುವುದು ಯಾವಾಗಲೋ ಒಮ್ಮೆ. ಅದು ತುಂಬಿದ ವರ್ಷವನ್ನು ಜನ ಮದುವೆ, ಮಕ್ಕಳು ಹುಟ್ಟಿದ್ದನ್ನು ಲೆಕ್ಕ ಹಾಕೋಕೆ ಬಳಸುತ್ತಾರೆ. ಉಳಿದ ವರ್ಷಗಳಲ್ಲಿ ಊರಿಗೆ ಆಸರೆ ಕುಂಟೆ. ನಮ್ಮ ಹೊಲದ ಮೇಲ್ಗಡೆ ಒಂದು ಕುಂಟೆ ಇದೆ, 30 ಗುಂಟೆ. ದನ ಕುರಿ ನೀರು ಕುಡಿಯೋದು ಅಲ್ಲೇ. ನಾನು ಈಜು ಕಲಿತು ಒಮ್ಮೆ ಮುಳುಗಿದ್ದೂ ಅಲ್ಲೇ. ಅದರಲ್ಲಿ ನೀರು ನಿಂತರೆ ಕೆಳಗಿನ ನಾಲ್ಕು ಬೋರ್‌ವೆಲ್ ಬದುಕಿರುತ್ತವೆ, ಒಣಗಿದರೆ ಎರಡೇ ತಿಂಗಳಲ್ಲಿ ಮೋಟಾರ್ ಗಾಳಿ ಎಳೆಯೋಕೆ ಶುರು ಮಾಡುತ್ತದೆ ಅಂತ ಅಪ್ಪನ ಲೆಕ್ಕ. ಅವತ್ತು ಅರ್ಧ ನೀರಿತ್ತು, ಕೆಂಪಗೆ. ಅಂಚಿನಲ್ಲಿ ಜೊಂಡು, ಕಪ್ಪೆ, ಎರಡು ಬೆಳ್ಳಕ್ಕಿ. ಮೇಲಿನ ದಿಣ್ಣೆಯಿಂದ ನೀರು ಇಳಿದು ಬರುವ ಜಾಗದಲ್ಲಿ ಅಷ್ಟಗಲ ಹುಲ್ಲು. ಆ ಹುಲ್ಲಿನಲ್ಲೇ ಮಣ್ಣು ನಿಂತು ನೀರು ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಕುಂಟೆ ಹೂಳು ತುಂಬಿ ಎಂದೋ ಮುಗಿದು ಹೋಗುತ್ತಿತ್ತು.

ಕುಂಟೆಯ ಪಕ್ಕದಿಂದ ಹೊಸ ರಸ್ತೆ ಆಗುತ್ತಿದೆ. ರಸ್ತೆ ಬಂದ ಮೇಲೆ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ. ಕುಂಟೆಯಿಂದ ಐವತ್ತು ಹೆಜ್ಜೆ.

ನಾನು ಟೇಪ್ ಹಿಡಿದೆ. ಕುಂಟೆಯ ಅಂಚಿನಿಂದ 30 ಮೀಟರ್ ಎಲ್ಲಿಗೆ ಬರುತ್ತದೆ ಅಂತ ನೋಡಿ ಅಲ್ಲೊಂದು ಕಲ್ಲು ಇಟ್ಟೆ. ಆಮೇಲೆ ಹೊಸ ಮಸೂದೆಯ ಪ್ರಕಾರ 3 ಮೀಟರಿಗೆ ಇನ್ನೊಂದು ಕಲ್ಲು. ಎರಡನೇ ಕಲ್ಲು ಜೊಂಡಿನ ಒಳಗೇ ಬಿತ್ತು. ಮಳೆ ಜೋರಾದರೆ ಅದು ನೀರಿನಲ್ಲಿ ಇರುತ್ತದೆ.

ಬೇವಿನ ಮರದ ಕೆಳಗೆ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆ. ಎರಡೂ ಕೆರೆಗಳು ದುಂಡಗಿವೆ ಅಂದುಕೊಳ್ಳಿ, ಎಂಜಿನಿಯರುಗಳು ಎಲ್ಲವನ್ನೂ ಹಾಗೆಯೇ ಅಂದುಕೊಳ್ಳೋದು. ಬೆಂಗಳೂರಿನ 40 ಎಕರೆ ಕೆರೆಗೆ 30 ಮೀಟರ್ ಬಫರ್ ಅಂದರೆ ಸುತ್ತ 11 ಎಕರೆ 11 ಗುಂಟೆ. 24 ಮೀಟರ್ ಮಾಡಿದರೆ ಕಳೆದುಹೋಗುವುದು 2 ಎಕರೆ 15 ಗುಂಟೆ, ಅಂದರೆ ಐದರಲ್ಲಿ ಒಂದು ಪಾಲು. ನಮ್ಮ 30 ಗುಂಟೆಯ ಕುಂಟೆಗೆ 30 ಮೀಟರ್ ಅಂದರೆ ಸುತ್ತ 86 ಗುಂಟೆ. 3 ಮೀಟರ್ ಮಾಡಿದರೆ ಉಳಿಯುವುದು 6 ಗುಂಟೆ. ಕಳೆದುಹೋಗುವುದು 80 ಗುಂಟೆ, ಸರಿಯಾಗಿ 2 ಎಕರೆ.

ಎರಡು ಸಲ ಲೆಕ್ಕ ತಾಳೆ ನೋಡಿದೆ. 40 ಎಕರೆಯ ಕೆರೆಯಿಂದ ಎಷ್ಟು ನೆಲ ಹೋಗುತ್ತದೋ, ಹೆಚ್ಚುಕಡಿಮೆ ಅಷ್ಟೇ ನೆಲ 30 ಗುಂಟೆಯ ಕುಂಟೆಯಿಂದಲೂ ಹೋಗುತ್ತದೆ. ನನ್ನ ಕಣ್ಣು ಇಷ್ಟು ದಿನ ನಮ್ಮ ಬಾಲ್ಕನಿಯ 6 ಮೀಟರ್ ಮೇಲೇ ಇತ್ತು. ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವುಗಳಲ್ಲಿ ನೂರು ಎಕರೆ ದಾಟುವವು ಎಷ್ಟು, ಇಂಥ ಕುಂಟೆ ಕಟ್ಟೆಗಳು ಎಷ್ಟು ಅಂತ ಯೋಚಿಸಿ. ಗೇಟಿನ ಹತ್ತಿರ ಹಾಳೆ ಹಂಚುವ ಹಿರಿಯರು ಕೈಕೊಂಡ್ರಹಳ್ಳಿಗೆ ಇದ್ದಾರೆ. ಇಲ್ಲಿ ಗೇಟೇ ಇಲ್ಲ.

ಅಪ್ಪನಿಗೆ ಲೆಕ್ಕ ತೋರಿಸಿದೆ. ಅವನು ಒಪ್ಪಿಬಿಡುತ್ತಾನೆ ಅಂದುಕೊಂಡಿದ್ದೆ. ಒಪ್ಪಲಿಲ್ಲ.

"ನೀನು ಕಲ್ಲು ಇಟ್ಯಲ್ಲ, ಅದು ಯಾರ ಹೊಲ ಗೊತ್ತಾ? ಪಕ್ಕದ ಹೊಲ್ದೋನ್ದು. ಅವನಿಗಿರೋದೇ ಒಂದೂವರೆ ಎಕರೆ. ಮೂವತ್ ಮೀಟ್ರು ಅಂದ್ರೆ ಅವನು ಎಲ್ಲಿಗೆ ಹೋಗ್ಬೇಕು?"

ಇದಕ್ಕೆ ಉತ್ತರ ಕೊಡಲೇಬೇಕಿತ್ತು. ಕಾನೂನು ಕಟ್ಟಬೇಡ ಅನ್ನುತ್ತದೆ, ಉಳಬೇಡ ಅನ್ನಲ್ಲ, ರಾಗಿ ಶೇಂಗಾ ಬೆಳೆಯೋಕೆ ಯಾರ ಅಡ್ಡಿಯೂ ಇಲ್ಲ ಅಂದೆ. "ನಾಳೆ ಮಗನಿಗೆ ಅಂತ ಅಲ್ಲೊಂದು ಮನೆ ಕಟ್ತೀನಿ ಅಂದ್ರೆ?" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅಂಥವನಿಗೆ ಏನು ಪರಿಹಾರ ಅಂತ ಹಳೆ ಕಾನೂನೂ ಯೋಚಿಸಿದ ಹಾಗಿಲ್ಲ, ಹೊಸದೂ ಯೋಚಿಸಿದ ಹಾಗಿಲ್ಲ. ಹೊಸದು ಸುಮ್ಮನೆ ಗೆರೆಯನ್ನು ನೀರಿನ ಹತ್ತಿರಕ್ಕೆ ಎಳೆದಿದೆ. ಅದರ ಲಾಭ ಒಂದೂವರೆ ಎಕರೆಯವನಿಗೆ ಸಿಗುತ್ತದೋ, ಕಲ್ಲು ನೆಟ್ಟು ಸೈಟು ಮಾಡಿದವನಿಗೆ ಸಿಗುತ್ತದೋ? ನನಗೆ ಎರಡನೆಯದೇ ಕಾಣುತ್ತಿದೆ.

ಅಪ್ಪ ಬೀಡಿ ಹಚ್ಚಿದ. ಸೈಟಿನ ಕಲ್ಲುಗಳ ಕಡೆ ನೋಡಿದ. "ಬರೆಯೋದಾದ್ರೆ ಅವನ್ದೂ ಸೇರ್ಸಿ ಬರಿ" ಅಂದ. ಪಕ್ಕದ ಹೊಲದವನ ವಿಷಯ.

ಭಾನುವಾರ ಬೆಂಗಳೂರಿಗೆ ಬಂದು ಪತ್ರ ಬರೆಯೋಕೆ ಕೂತೆ. ಸಂವಿಧಾನದ 200ನೇ ವಿಧಿ ಓದಿದೆ. ಸದನ ಒಪ್ಪಿದ ಮಸೂದೆಗೆ ರಾಜ್ಯಪಾಲರು ಅಂಕಿತ ಹಾಕಬಹುದು, ತಡೆಹಿಡಿಯಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು, ಮತ್ತೊಮ್ಮೆ ಪರಿಶೀಲಿಸಿ ಅಂತ ಸದನಕ್ಕೆ ವಾಪಸ್ ಕಳಿಸಬಹುದು. ವಾಪಸ್ ಬಂದದ್ದನ್ನು ಸದನ ಮತ್ತೆ ಹಾಗೇ ಪಾಸ್ ಮಾಡಿದರೆ ಅಂಕಿತ ಹಾಕಲೇಬೇಕು. ಹಾಗಾಗಿ ವಾಪಸ್ ಬಂದರೂ ಗೆದ್ದ ಹಾಗಲ್ಲ, ಶಾಸಕರು ಇನ್ನೊಂದು ಸಲ ಓದಬೇಕಾಗುತ್ತದೆ ಅಷ್ಟೇ. ಆದ್ದರಿಂದ ಒಂದು ಪ್ರತಿ ನಮ್ಮ ಶಾಸಕರಿಗೂ ಹೋಗಬೇಕು. ನಮ್ಮ ಶಾಸಕರು ಅಂದರೆ ಯಾರು? ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಇದ್ದರೂ ನನ್ನ ವೋಟು ಇನ್ನೂ ಊರಲ್ಲೇ ಇದೆ. ವರ್ಗ ಮಾಡಿಸೋಕೆ ಸೋಮಾರಿತನ. ಈ ಸಲ ಅದೇ ಒಳ್ಳೇದಾಯಿತು, ಕುಂಟೆಯ ಊರಿನ ಶಾಸಕರಿಗೇ ಅವರ ಮತದಾರನಾಗಿ ಬರೆದೆ.

ಪತ್ರ ಒಂದೂವರೆ ಪುಟ. ಕುಂಟೆಯ ಲೆಕ್ಕ, 3 ಮೀಟರಿನ ಕಲ್ಲು ಜೊಂಡಿನಲ್ಲಿ ಬಿದ್ದದ್ದು, ಸಣ್ಣ ಹಿಡುವಳಿದಾರರಿಗೆ ಪರಿಹಾರದ ದಾರಿ ಇರಲಿ ಅನ್ನೋದು, ಮೊದಲು ಕೆರೆಗಳ ಹದ್ದುಬಸ್ತು ಮುಗಿಸಿ ಆಮೇಲೆ ಮೀಟರ್ ಲೆಕ್ಕ ಮಾತಾಡಿ ಅನ್ನೋದು. ಅಷ್ಟು ಬರೆದು ನಿಲ್ಲಿಸಿದೆ. ನಮ್ಮ ಮನೆಯ 26 ಮೀಟರಿನ ವಿಷಯ ಬರೆಯಬೇಕೋ ಬೇಡವೋ? ಬರೆಯದಿದ್ದರೆ ಯಾರಿಗೂ ಗೊತ್ತಾಗಲ್ಲ. ಬರೆದರೆ, ನಾಳೆ ಯಾರಾದರೂ ಅಳೆಯೋಕೆ ಬಂದರೆ, ದಾರಿ ತೋರಿಸಿದ್ದು ನಾನೇ ಆಗುತ್ತೇನೆ. ಸಾಲ ಇನ್ನೂ 18 ವರ್ಷ. ಅರ್ಧ ಗಂಟೆ ಕರ್ಸರ್ ಮಿನುಗುತ್ತಾ ಇತ್ತು.

ಕೊನೆಗೆ ಬರೆದೆ. ಅರ್ಜಿದಾರನ ಮನೆ ಕೆರೆಯ ಬೇಲಿಯಿಂದ 26 ಮೀಟರ್ ದೂರದಲ್ಲಿದೆ, ಈ ತಿದ್ದುಪಡಿಯಿಂದ ಅರ್ಜಿದಾರನಿಗೆ ಅನುಕೂಲವೇ ಆಗುತ್ತದೆ, ಆದರೂ ವಿರೋಧಿಸುತ್ತಿದ್ದೇನೆ ಅಂತ. ಓದಿದರೆ ಸ್ವಲ್ಪ ನಾಟಕದ ಹಾಗಿದೆ ಅನ್ನಿಸಿ ಕೊನೆಯ ನಾಲ್ಕು ಪದ ತೆಗೆದೆ. ಬರೀ ಅಳತೆ ಉಳಿಸಿದೆ.

ಹೆಂಡತಿಗೆ ಓದೋಕೆ ಕೊಟ್ಟೆ. ಬೈಗುಳಕ್ಕೆ ತಯಾರಾಗಿಯೇ ಕೊಟ್ಟದ್ದು. ಅವಳು ಎರಡು ಸಲ ಓದಿದಳು. ಎದ್ದು ಬಾಲ್ಕನಿಗೆ ಹೋಗಿ ಬಂದಳು.

"ನನ್ನ ಹೆಸರು ಎಲ್ಲಿ?"

"ಯಾಕೆ?"

"ಲೋನ್‌ನಲ್ಲಿ ಇಬ್ಬರ ಹೆಸರೂ ಇದೆಯಲ್ಲ. ಇದರಲ್ಲೂ ಹಾಕು. ಅರ್ಜಿದಾರನ ಅಲ್ಲ, ಅರ್ಜಿದಾರರ ಮನೆ ಅಂತ ಮಾಡು."

ಸೋಮವಾರ ಮಧ್ಯಾಹ್ನ ಸ್ಟ್ಯಾಂಡಪ್ ಕಾಲ್ ಮುಗಿಸಿ ಅಂಚೆ ಕಚೇರಿಗೆ ಹೋದೆ. ಎರಡು ಸ್ಪೀಡ್ ಪೋಸ್ಟ್, ಒಂದು ರಾಜಭವನಕ್ಕೆ, ಒಂದು ಶಿರಾ ಕಡೆಗೆ. ಕೌಂಟರಿನಲ್ಲಿದ್ದ ಮೇಡಂ ಮೊದಲ ಕವರಿನ ವಿಳಾಸ ಓದಿ ನನ್ನ ಮುಖ ನೋಡಿದರು.

"ಕೆರೆದಾ?" ಅಂದರು.

"ಹೌದು ಮೇಡಂ."

"ಬೆಳಿಗ್ಗೆಯಿಂದ ನೀವು ಮೂರನೇಯವರು" ಅಂತ ಹೇಳಿ ಕವರನ್ನು ತೂಕಕ್ಕೆ ಇಟ್ಟರು.